ಸ್ಲೀಪ್ ಅಪ್ನಿಯಾ: ಮೂರು ಮಾಸ್ಕ್, ಒಂದು ದವಡೆ ಕ್ಲಿಪ್, ಯಾವುದು ಒಗ್ಗಿತು?

ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುವ ತೊಂದರೆ, ಇದೆ ಅಂತ ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು "ಯಾವ ಮಷಿನ್ ಒಳ್ಳೇದು?" ಅಂತ. ಒಂದೊಂದನ್ನೂ ಬಳಸಿ ನೋಡಿದ ಮೇಲೆ ನನಗನ್ನಿಸಿದ್ದು, ಮಷಿನ್ ಆಮೇಲಿನ ಮಾತು. ಅದು ಮಂಚದ ಪಕ್ಕ ತನ್ನ ಪಾಡಿಗೆ ತಾನಿದ್ದು, ಪೈಪಿನಲ್ಲಿ ಗಾಳಿ ಒತ್ತಿ ಕಳಿಸಿ ಗಂಟಲಿನ ದಾರಿ ತೆರೆದಿಡುತ್ತದೆ. ರಾತ್ರಿಯಿಡೀ ಮುಖದ ಮೇಲೆ ಕೂರುವುದು ಮಾಸ್ಕ್. ಅದು ಒಗ್ಗದಿದ್ದರೆ ಎಷ್ಟು ದುಬಾರಿ ಮಷಿನ್ ಆದರೂ ಕಪಾಟು ಸೇರುತ್ತದೆ. 1981ರಲ್ಲಿ ಆಸ್ಟ್ರೇಲಿಯಾದ ಡಾಕ್ಟರ್ ಕಾಲಿನ್ ಸಲಿವನ್ ಮೊದಲ ಸಿಪ್ಯಾಪ್ (ಈ ಮಷಿನಿನ ಹೆಸರೇ ಅದು) ಬಗ್ಗೆ ಬರೆದ ಕಾಲದಲ್ಲಿ ಮಾಸ್ಕನ್ನು ದಿನಾ ರಾತ್ರಿ ಮುಖಕ್ಕೆ ಅಂಟು ಹಾಕಿ ಕೂರಿಸಬೇಕಿತ್ತಂತೆ. ಅದನ್ನು ಸಹಿಸಿಕೊಂಡವರಿಗೆ ನಮಸ್ಕಾರ.

ಮನೆಯ ಟೆಸ್ಟಾ, ಲ್ಯಾಬಾ?

ನಿದ್ದೆಯಲ್ಲಿ ಉಸಿರು ಹೇಗಿದೆ ಅಂತ ನೋಡುವ ಟೆಸ್ಟ್ ಇದು, ಎರಡೂ ಕಡೆ ಮಾಡಿಸಿದೆ. ಮನೆಯ ಟೆಸ್ಟ್ ಸುಲಭ. ಬೆರಳಿಗೊಂದು ಕ್ಲಿಪ್, ಮೂಗಿಗೊಂದು ಸಣ್ಣ ಟ್ಯೂಬ್, ಎದೆಗೊಂದು ಬೆಲ್ಟ್. ಲ್ಯಾಬಿನಲ್ಲಿ ತಲೆ, ಕಣ್ಣಿನ ಅಂಚು, ಗದ್ದ, ಕಾಲು ಎಲ್ಲ ಕಡೆ ವೈರ್. ಕೂದಲಿಗೆ ಹಚ್ಚಿದ ಪೇಸ್ಟ್ ತೊಳೆದಷ್ಟೂ ಹೋಗುವುದಿಲ್ಲ. ಇಷ್ಟೆಲ್ಲ ಕಟ್ಟಿಕೊಂಡು ನಿದ್ದೆ ಎಲ್ಲಿ ಬರುತ್ತೆ ಅಂತ ಅನ್ನಿಸುತ್ತದೆ, ಅಲ್ವಾ? ಚೂರುಪಾರು ನಿದ್ದೆ ಬಂದರೂ ಅವರಿಗೆ ಸಾಕಾಗುತ್ತದೆ.

ನನಗೆ ಮನೆಯ ಟೆಸ್ಟಿನಲ್ಲಿ ಬಂದದ್ದು "ಸಣ್ಣ ಪ್ರಮಾಣ", ಲ್ಯಾಬಿನಲ್ಲಿ "ಮಧ್ಯಮ". ಕಾರಣ ಇದೆ. ಉಸಿರು 10 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ನಿಂತರೆ, ಇಲ್ಲವೇ ತೀರಾ ಕಡಿಮೆಯಾದರೆ ಅದನ್ನು ಒಂದು ಸಲ ಅಂತ ಎಣಿಸುತ್ತಾರೆ. ಗಂಟೆಗೆ ಎಷ್ಟು ಸಲ ಅನ್ನುವುದೇ ಎಎಚ್‌ಐ. 5ರಿಂದ 15 ಸಣ್ಣದು, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಸಾಮಾನ್ಯವಾಗಿ ಮನೆಯ ಟೆಸ್ಟಿಗೆ ನೀವು ಯಾವಾಗ ನಿದ್ದೆ ಹೋದಿರಿ ಅಂತ ಗೊತ್ತಾಗುವುದಿಲ್ಲ. ಎಚ್ಚರವಾಗಿ ಹೊರಳಾಡಿದ ಗಂಟೆಗಳೂ ಲೆಕ್ಕಕ್ಕೆ ಸೇರುತ್ತವೆ, ಅಂಕಿ ಇಳಿಯುತ್ತದೆ. ಹಾಗಾಗಿ ಮನೆಯ ಟೆಸ್ಟಿನಲ್ಲಿ ಏನೂ ಇಲ್ಲ ಅಂತ ಬಂದು, ಹಗಲೆಲ್ಲ ತೂಕಡಿಕೆ ಬಿಡದಿದ್ದರೆ ಸುಮ್ನೆ ಕೂರಬೇಡಿ, ಲ್ಯಾಬಿನ ಟೆಸ್ಟ್ ಬಗ್ಗೆ ಕೇಳಿ.

ಮಾಸ್ಕ್‌ಗಳು

ಮೊದಲು ಹಾಕಿಕೊಂಡದ್ದು ನೇಸಲ್ ಪಿಲ್ಲೋ. ಹೆಸರಿಗೆ ದಿಂಬು, ನಿಜಕ್ಕೂ ಮೂಗಿನ ಹೊಳ್ಳೆಗಳಿಗೆ ಒತ್ತಿಕೊಂಡು ಕೂರುವ ಎರಡು ಪುಟ್ಟ ಸಿಲಿಕೋನ್ ಬುಗುಟು. ಮುಖದ ಮೇಲೆ ಏನೂ ಇಲ್ಲದ ಹಾಗೆ ಹಗುರ. ಕನ್ನಡಕ ಹಾಕಿ ಓದಬಹುದು, ಪಕ್ಕಕ್ಕೆ ತಿರುಗಿ ಮಲಗಬಹುದು. ಮುಖ ಮುಚ್ಚಿದರೆ ಉಸಿರು ಕಟ್ಟಿದ ಹಾಗಾಗುವವರಿಗೆ ಇದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ. ಆದರೆ ಒತ್ತಡ ಏರಿದಾಗ ಗಾಳಿ ನೇರ ಮೂಗಿನೊಳಗೆ ಚಿಮ್ಮುತ್ತದೆ. ಬೆಳಗಾಗುವಷ್ಟರಲ್ಲಿ ಹೊಳ್ಳೆಯ ಅಂಚು ಕೆಂಪಾಗಿ ಉರಿಯುತ್ತಿತ್ತು. ಒಂದು ಅಳತೆ ದೊಡ್ಡದು ಹಾಕಿದಾಗ ಉರಿ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ಎರಡನೆಯದು ಮೂಗು ಮತ್ತು ಬಾಯಿ ಎರಡನ್ನೂ ಮುಚ್ಚುವ ಫುಲ್ ಫೇಸ್. "ನೀವು ಬಾಯಿ ತೆರೆದು ಮಲಗ್ತೀರಿ, ಇದೇ ಸರಿ" ಅಂತ ಅಂಗಡಿಯವರು ಕೊಟ್ಟದ್ದು. ಮೂಗು ಕಟ್ಟಿದಾಗ ಇದು ದೇವರಂತೆ ಬರುತ್ತದೆ, ಒಪ್ಪುತ್ತೇನೆ. ಉಳಿದ ದಿನ ಮಾತ್ರ ನನ್ನ ಪಾಲಿಗೆ ಅತಿ ಕಷ್ಟದ ಮಾಸ್ಕ್ ಇದೇ. ಮುಖಕ್ಕೆ ತಾಗುವ ಅಂಚು ಉದ್ದ ಇದ್ದಷ್ಟೂ ಗಾಳಿ ಸೋರುವ ಜಾಗ ಜಾಸ್ತಿ. ಮಗ್ಗುಲು ಬದಲಿಸಿದರೆ ದಿಂಬು ತಾಗಿ ಮಾಸ್ಕ್ ಸರಿಯುತ್ತದೆ, ಗಾಳಿ ಬುಸ್ಸೆಂದು ಕಣ್ಣಿಗೆ ಹೊಡೆಯುತ್ತದೆ. ಇನ್ನೊಂದು ವಿಷಯ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ: ಫುಲ್ ಫೇಸ್‌ನಲ್ಲಿ ಅದೇ ಕೆಲಸಕ್ಕೆ ಹೆಚ್ಚು ಒತ್ತಡ ಬೇಕಾಗುವುದು ಸಾಮಾನ್ಯ. ನನಗೆ ಹಾಗೇ ಆಯಿತು. ಗಾಳಿ ಹೊಟ್ಟೆಗೂ ಇಳಿದು, ಬೆಳಿಗ್ಗೆ ಹೊಟ್ಟೆ ಉಬ್ಬರ, ಸಾಲುಸಾಲು ತೇಗು. ಗಡ್ಡ ಬಿಟ್ಟವರಿಗಂತೂ ಇದು ಕೂರುವುದು ಕಷ್ಟ.

ಮೂರನೆಯದು ಮೂಗನ್ನು ಮಾತ್ರ ಮುಚ್ಚುವ ನೇಸಲ್ ಮಾಸ್ಕ್. ಪಿಲ್ಲೋದಷ್ಟು ಹಗುರ ಅಲ್ಲ, ಮೂಗಿನ ಮೇಲೆ ಗುರುತು ಬೀಳುತ್ತದೆ. ಆದರೆ ಗಾಳಿ ಚಿಮ್ಮುವುದಿಲ್ಲ, ಮೂಗಿನ ಸುತ್ತ ತುಂಬಿಕೊಂಡು ಮೆತ್ತಗೆ ಒಳಗೆ ಹೋಗುತ್ತದೆ. ಬಾಯಿ ತೆರೆದರೆ ಗಾಳಿ ಬಾಯಿಂದ ಹೊರಟುಬಿಡುವ ಕಾಟ ಮೊದಮೊದಲು ಇತ್ತು. ಗದ್ದಕ್ಕೆ ಪಟ್ಟಿ ಕಟ್ಟಿಕೊಂಡೆ. ಅದಕ್ಕಿಂತ ಜಾಸ್ತಿ ಸಹಾಯವಾದದ್ದು ಮೂಗಿನ ಅಲರ್ಜಿಗೆ ಮದ್ದು ಮಾಡಿಸಿದ್ದು. ಮೂಗು ಕಟ್ಟಿದ್ದಕ್ಕೇ ಬಾಯಿ ತೆರೆಯುತ್ತಿತ್ತು. ಈಗ ದಿನಾ ಹಾಕಿಕೊಳ್ಳುವುದು ಇದನ್ನೇ.

ಯಾವುದೇ ಮಾಸ್ಕ್ ಆಗಲಿ, ಕನ್ನಡಿ ಮುಂದೆ ನಿಂತು ಪಟ್ಟಿ ಬಿಗಿ ಮಾಡಬೇಡಿ. ಮಲಗಿದಾಗ ಮುಖದ ಮಾಂಸ ಸರಿಯುತ್ತದೆ, ಅಳತೆ ಬದಲಾಗುತ್ತದೆ. ಮಲಗಿ, ಮಷಿನ್ ಆನ್ ಮಾಡಿ, ಗಾಳಿ ಬರುತ್ತಿರುವಾಗಲೇ ಮಾಸ್ಕನ್ನು ಮುಖದಿಂದ ಒಂಚೂರು ಎತ್ತಿ ಹಿಡಿಯಿರಿ. ಸಿಲಿಕೋನ್ ಅಂಚಿನೊಳಗೆ ಗಾಳಿ ತುಂಬಿಕೊಳ್ಳುತ್ತದೆ. ಆಗ ನಿಧಾನ ಕೆಳಗಿಟ್ಟರೆ ತಾನಾಗಿ ಕೂರುತ್ತದೆ. ಸೋರಿತು ಅಂತ ಪಟ್ಟಿ ಎಳೆದರೆ ಆ ಅಂಚು ಮಡಿಚಿಕೊಂಡು ಇನ್ನೂ ಸೋರುತ್ತದೆ. ಮಲಗುವ ಮೊದಲು ಮುಖಕ್ಕೆ ಎಣ್ಣೆ, ಕ್ರೀಮ್ ಹಚ್ಚಿದರೂ ಇದೇ ಪಾಡು. ಅಂದ ಹಾಗೆ ಕೆಲವು ಮಾಸ್ಕ್‌ಗಳ ಕ್ಲಿಪ್ಪಿನಲ್ಲಿ ಆಯಸ್ಕಾಂತ ಇರುತ್ತದೆ. ನಿಮಗಾಗಲಿ, ಪಕ್ಕದಲ್ಲಿ ಮಲಗುವವರಿಗಾಗಲಿ ಪೇಸ್‌ಮೇಕರ್ ಇದ್ದರೆ ಅಂಥದ್ದು ಬೇಡ.

ಫಿಕ್ಸೆಡ್ಡಾ, ಆಟೋನಾ?

ಇದಕ್ಕೆ ಇಷ್ಟೊಂದು ಜಗಳ ಯಾಕೋ ಗೊತ್ತಿಲ್ಲ. ಫಿಕ್ಸೆಡ್ ಮಷಿನ್ ರಾತ್ರಿಯಿಡೀ ಒಂದೇ ಒತ್ತಡ ಕೊಡುತ್ತದೆ. ಆಟೋ ಬೇಕಾದಾಗ ಏರಿಸಿ ಇಳಿಸುತ್ತದೆ. ಸಾಮಾನ್ಯವಾಗಿ ಒತ್ತಡವನ್ನು 4ರಿಂದ 20ರವರೆಗೆ (ಸೆಂಟಿಮೀಟರ್ ನೀರಿನ ಲೆಕ್ಕದಲ್ಲಿ) ಬಿಟ್ಟು ಕಳಿಸುತ್ತಾರೆ. 4ರಲ್ಲಿ ನನಗೆ ಗಾಳಿ ಸಾಲದೆ ಮಾಸ್ಕ್ ಕಿತ್ತೆಸೆಯುವ ಹಾಗಾಗುತ್ತಿತ್ತು. ಡಾಕ್ಟರ್ ಕೆಳಗಿನ ಮಿತಿಯನ್ನು ಸ್ವಲ್ಪ ಏರಿಸಿದರು, ಅಲ್ಲಿಗೆ ತೊಂದರೆ ಮುಗಿಯಿತು. ಒತ್ತಡಕ್ಕಿಂತ ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ಮುಖ್ಯ ಅನ್ನುತ್ತೇನೆ. ಅದಿಲ್ಲದೆ ಗಂಟಲು ಒಣಗಿ ಸುಟ್ಟ ಹಾಗಿರುತ್ತದೆ. ಚಳಿಯಲ್ಲಿ ಪೈಪಿನೊಳಗೆ ಹನಿ ಕಟ್ಟಿ ಗುಳುಗುಳು ಅಂದರೆ ಮಷಿನನ್ನು ಮಂಚಕ್ಕಿಂತ ತಗ್ಗಿನಲ್ಲಿಡಿ, ಪೈಪಿಗೆ ಬಟ್ಟೆಯ ಕವಚ ಹಾಕಿ.

ದವಡೆ ಕ್ಲಿಪ್

ಇದನ್ನು ದಂತವೈದ್ಯರು ಹಲ್ಲಿನ ಅಚ್ಚು ತೆಗೆದು ಮಾಡಿಕೊಡುತ್ತಾರೆ. ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುತ್ತದೆ, ನಾಲಿಗೆಯ ಹಿಂದೆ ದಾರಿ ತೆರೆದಿರುತ್ತದೆ. ಒಂದೇ ಸಲಕ್ಕೆ ಎಳೆಯುವುದಿಲ್ಲ, ಚೂರುಚೂರೇ ಮುಂದೆ ತರುತ್ತಾರೆ. ಕರೆಂಟು ಬೇಡ, ಸದ್ದಿಲ್ಲ, ಜೇಬಿನಲ್ಲಿ ಹಿಡಿಯುತ್ತದೆ. ಮಾಸ್ಕ್ ಕಟ್ಟಿಕೊಂಡ ಮುಖಕ್ಕೆ ಇದು ಬಿಡುಗಡೆಯೇ ಸರಿ.

ಮೊದಮೊದಲು ದಿಂಬೆಲ್ಲ ಜೊಲ್ಲು. ಬೆಳಿಗ್ಗೆ ತೆಗೆದರೆ ಮೇಲಿನ ದವಡೆಹಲ್ಲು, ಕೆಳಗಿನದು ಒಂದಕ್ಕೊಂದು ಕೂಡುವುದೇ ಇಲ್ಲ, ಅಗಿಯಲು ಹೋದರೆ ಮುಂದಿನ ಹಲ್ಲು ತಾಗುತ್ತದೆ. ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ. ವರ್ಷಗಟ್ಟಲೆ ಹಾಕಿದರೆ ಹಲ್ಲು ನಿಜಕ್ಕೂ ಜರುಗಬಹುದು, ಹಾಗಾಗಿ ಆಗಾಗ ತೋರಿಸಿಕೊಳ್ಳಬೇಕು.

ಗೊರಕೆ ಮಾತ್ರ ಮಾಯ. ನಮ್ಮನೆಯವಳು "ಇದೇ ಸಾಕು, ಆ ಮಷಿನ್ ವಾಪಸ್ ಕೊಡಿ" ಅಂದುಬಿಟ್ಟಳು. ಕ್ಲಿಪ್ ಹಾಕಿಕೊಂಡೇ ಮತ್ತೆ ಟೆಸ್ಟ್ ಮಾಡಿಸಿದರೆ ಎಎಚ್‌ಐ ಇಳಿದಿತ್ತು, ಆದರೆ 5ರ ಕೆಳಗೆ ಬಂದಿರಲಿಲ್ಲ. ಗೊರಕೆ ನಿಂತರೆ ಉಸಿರು ನಿಲ್ಲುವುದೂ ನಿಂತಿತು ಅಂತ ಅಲ್ಲ. ಕ್ಲಿಪ್ ಹಾಕುವವರು ಈ ಎರಡನೇ ಟೆಸ್ಟ್ ಬಿಡಲೇಬಾರದು, ಯಾಕೆಂದರೆ ಮಷಿನಿನ ಹಾಗೆ ಇದು ಬೆಳಿಗ್ಗೆ ಲೆಕ್ಕ ತೋರಿಸುವುದಿಲ್ಲ. ಸಣ್ಣ, ಮಧ್ಯಮ ಪ್ರಮಾಣದವರಲ್ಲಿ ಇಷ್ಟರಿಂದಲೇ ಪೂರ್ತಿ ಹತೋಟಿಗೆ ಬಂದವರಿದ್ದಾರೆ. ನನಗೆ ಇದು ಪ್ರಯಾಣಕ್ಕೆ.

ಮಗ್ಗುಲಾಗಿ ಮಲಗಿಸುವ, ಬೆನ್ನಿಗೆ ಉಬ್ಬು ಕಟ್ಟುವ ಬೆಲ್ಟನ್ನೂ ನೋಡಿದೆ. ಅಂಗಾತ ಮಲಗಿದಾಗ ಮಾತ್ರ ತೊಂದರೆ ಇರುವವರಿಗೆ ಸರಿ. ನನಗೆ ಭುಜ ನೋವು ಬಂತು, ಅಷ್ಟೇ.

ಇನ್ನು ಮಷಿನ್ ಬೆಳಿಗ್ಗೆ ತೋರಿಸುವ ಎಎಚ್‌ಐ ಅದರದೇ ಅಂದಾಜು. ಲ್ಯಾಬಿನ ಲೆಕ್ಕಕ್ಕೆ ಸಮ ಅಲ್ಲ. ಮಾಸ್ಕ್ ತುಂಬಾ ಸೋರಿದ ರಾತ್ರಿ ಆ ಅಂಕಿಯನ್ನು ನಂಬಲಿಕ್ಕಾಗುವುದಿಲ್ಲ, ಪಕ್ಕದಲ್ಲೇ ಇರುವ ಸೋರಿಕೆಯ ಅಂಕಿಯನ್ನೂ ನೋಡಿ. ಎರಡೂ ಚೆನ್ನಾಗಿದ್ದು, ಗಂಟೆಗಟ್ಟಲೆ ಮಾಸ್ಕ್ ಹಾಕಿಯೂ ಹಗಲು ಕಣ್ಣು ಎಳೆಯುತ್ತಿದ್ದರೆ ಮಾಸ್ಕ್ ಬದಲಿಸುವುದನ್ನು ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ಥೈರಾಯ್ಡ್, ರಕ್ತಹೀನತೆ, ತೆಗೆದುಕೊಳ್ಳುತ್ತಿರುವ ಮಾತ್ರೆ, ಏನು ಬೇಕಾದರೂ ಕಾರಣ ಇರಬಹುದು. ಗೊತ್ತಾಗುವ ತನಕ ಗಾಡಿ ಓಡಿಸಬೇಡಿ.