ಖಂಬಾ ಕಾಂಪೋಸ್ಟ್ ಮಡಕೆ: ಬಳಸಿ ನೋಡಿದ ಮೇಲೆ

ಬೆಂಗಳೂರಿನ ಡೈಲಿ ಡಂಪ್ ಸಂಸ್ಥೆಯ ‘ಖಂಬಾ’ ಎಂದರೆ ಅಡುಗೆಮನೆಯ ಹಸಿ ಕಸವನ್ನು ಗೊಬ್ಬರವಾಗಿಸುವ, ಒಂದರ ಮೇಲೊಂದು ಕೂರುವ ಮೂರು ಸುಟ್ಟ ಮಣ್ಣಿನ ಮಡಕೆಗಳು. ವಿನ್ಯಾಸಕಿ ಪೂನಂ ಬೀರ್ ಕಸ್ತೂರಿಯವರು 2006ರಲ್ಲಿ ಈ ಸಂಸ್ಥೆಯನ್ನು ಆರಂಭಿಸಿದರು. ಮುಂದೆ ಕೆಲವೇ ವರ್ಷಗಳಲ್ಲಿ ಬೆಂಗಳೂರಿನ ಕಸ ಸುರಿಯುತ್ತಿದ್ದ ಹೊರವಲಯದ ಹಳ್ಳಿಗಳಾದ ಮಾವಳ್ಳಿಪುರ ಮತ್ತು ಮಂಡೂರಿನ ಜನರು ನಗರದ ಕಸದ ಲಾರಿಗಳ ವಿರುದ್ಧ ಬೀದಿಗಿಳಿದಾಗ, ನಮ್ಮ ಅಡುಗೆಮನೆಯ ಸಿಪ್ಪೆ ಬೇರೆಯವರ ಊರಿನಲ್ಲಿ ಕೊಳೆಯುತ್ತಿದೆ ಎಂಬ ಸತ್ಯ ಎಲ್ಲರಿಗೂ ಕಾಣಿಸಿತು. ಈ ಮಡಕೆಯನ್ನು ಕೊಳ್ಳುವವರು ಮೊದಲು ನೆನೆಯಬೇಕಾದ ಸಂಗತಿ ಇದು.

ಬಳಸುವ ಕ್ರಮ ಕಷ್ಟವಲ್ಲ. ತರಕಾರಿ ಸಿಪ್ಪೆ, ಕಾಫಿ ಚರಟ, ಬಾಡಿದ ಹೂವುಗಳನ್ನು ಮೇಲಿನ ಮಡಕೆಗೆ ಹಾಕಿ, ಪ್ರತಿ ಸಲವೂ ಅವು ಪೂರ್ತಿ ಮುಚ್ಚುವಷ್ಟು ತರಗೆಲೆ ಅಥವಾ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಹರಡಬೇಕು. ಅದು ತುಂಬಿದಾಗ ನಡುವಿಗೆ ಇಳಿಸಿ, ನಡುವಿನ ಖಾಲಿ ಮಡಕೆಯನ್ನು ಮೇಲೇರಿಸಬೇಕು. ಎರಡನೆಯದೂ ತುಂಬುವ ಹೊತ್ತಿಗೆ ಅರೆಮಾಗಿದ ಮೊದಲಿನ ಕಸವನ್ನು ತಳದ ಮಡಕೆಗೆ ಸುರಿದು ಮಾಗಲು ಬಿಡಬೇಕು. ಸುಟ್ಟ ಮಣ್ಣು ತೇವವನ್ನು ಹೀರಿ ಹೊರಬಿಡುತ್ತದೆ ಮತ್ತು ತೂತುಗಳಿಂದ ಗಾಳಿಯಾಡುತ್ತದೆ. ಆದ್ದರಿಂದ ಸೂಕ್ಷ್ಮಜೀವಿಗಳು ದುರ್ವಾಸನೆಯಿಲ್ಲದೆ ತಮ್ಮ ಕೆಲಸ ಮುಗಿಸುತ್ತವೆ. ಗಾಳಿಯಿಲ್ಲದ ಕಸದ ಗುಡ್ಡೆಯೊಳಗೆ ಇದೇ ಸಿಪ್ಪೆಯಿಂದ ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲ ಹೊರಡುತ್ತದೆ. ನಾತ ಬಂದರೆ ಒಣ ಎಲೆ ಸಾಲದಾಗಿದೆ ಎಂದರ್ಥ. ಒಳಗೆ ಕಾಣುವ ಹುಳುಗಳಿಗೆ ಹೆದರಬೇಕಾಗಿಲ್ಲ, ಅವೂ ಕಸವನ್ನೇ ತಿನ್ನುತ್ತವೆ.

ಆದರೆ ಈ ಮಡಕೆಯ ಹೆಚ್ಚಿನ ಉಪಕಾರ ಗೊಬ್ಬರ ಸಿಗುವುದಕ್ಕೆ ಮೊದಲೇ ಆಗುತ್ತದೆ ಎಂಬುದು ನನ್ನ ಅಭಿಪ್ರಾಯ. ಕಸದ ಗಾಡಿಗೆ ಸುರಿದ ಅನ್ನ ಆ ಕ್ಷಣವೇ ಕಣ್ಮರೆಯಾಗುತ್ತದೆ. ಮಡಕೆಗೆ ಸುರಿದ ಅನ್ನವಾದರೋ ಮರುದಿನ ಮುಚ್ಚಳ ತೆಗೆದಾಗಲೂ ಕಣ್ಣೆದುರೇ ಇರುತ್ತದೆ. ನಮ್ಮ ಮನೆಯಲ್ಲಿ ರಾತ್ರಿಯ ಅಕ್ಕಿಯ ಅಳತೆ ಇಳಿದದ್ದು ಹೀಗೆ. ಮಿಕ್ಕ ಅನ್ನ ಬೆಳಿಗ್ಗೆ ಚಿತ್ರಾನ್ನವಾಗುವುದು, ಹೀರೆಕಾಯಿ ಸಿಪ್ಪೆ ಚಟ್ನಿಯಾಗುವುದು, ಕಲ್ಲಂಗಡಿಯ ಬಿಳಿ ತಿರುಳು ದೋಸೆಹಿಟ್ಟಿಗೆ ಸೇರುವುದು ನಮ್ಮ ಅಡುಗೆಗೆ ಹೊಸದೇನೂ ಅಲ್ಲ. ತಿನ್ನಲು ಯೋಗ್ಯವಾದದ್ದನ್ನು ತಿಂದೇ ಮುಗಿಸಿ, ಉಳಿದದ್ದನ್ನು ಮಾತ್ರ ಮಣ್ಣಿಗೆ ಕೊಡುವ ಮನೆಗೆ ಈ ಮೂರು ಮಡಕೆ ಧಾರಾಳವಾಗಿ ಸಾಕು.

ಮಿತಿಗಳೂ ಇವೆ. ತುಂಬಿದ ಮಡಕೆ ಭಾರವಾಗಿರುವುದರಿಂದ ಅದನ್ನು ಇಳಿಸಲು ಇಬ್ಬರು ಬೇಕಾಗುತ್ತದೆ, ವಯಸ್ಸಾದವರು ಒಬ್ಬರೇ ಇರುವ ಮನೆಗೆ ಇದು ಕಷ್ಟ. ಮಳೆಗಾಲದಲ್ಲಿ ಎರಚಲು ಬೀಳದ ಜಾಗ ಅಗತ್ಯ. ಸಾರು, ಮಜ್ಜಿಗೆಯಂಥ ನೀರಿನ ಪದಾರ್ಥಗಳನ್ನು ಸುರಿಯಬಾರದು, ತೆಂಗಿನ ಚಿಪ್ಪು ಇದರಲ್ಲಿ ಬೇಗ ಕರಗದು. ತರಗೆಲೆಯನ್ನು ಬೇಸಿಗೆಯ ಆರಂಭದಲ್ಲೇ, ಬೀದಿಯ ಮರಗಳು ಎಲೆ ಉದುರಿಸುವಾಗ, ಗೋಣಿಚೀಲದಲ್ಲಿ ತುಂಬಿಟ್ಟುಕೊಂಡರೆ ಕೊಕೊಪೀಟಿನ ಖರ್ಚು ಉಳಿಯುತ್ತದೆ. ಅಪಾರ್ಟ್‌ಮೆಂಟುಗಳಲ್ಲಿ ಜಾಗವಿದ್ದರೆ ಮನೆಗೊಂದು ಮಡಕೆ ಇಡುವುದಕ್ಕಿಂತ ಎಲ್ಲರೂ ಸೇರಿ ನೆಲಮಟ್ಟದಲ್ಲಿ ದೊಡ್ಡ ಕಾಂಪೋಸ್ಟ್ ತೊಟ್ಟಿ ಕಟ್ಟಿಸುವುದು ಲೇಸು. ಸ್ವಂತ ಬಾಲ್ಕನಿಯೋ ತಾರಸಿಯೋ ಇರುವ ನಾಲ್ಕು ಮಂದಿಯ ಸಂಸಾರಕ್ಕೆ ಖಂಬಾವನ್ನು ಹಿಂಜರಿಕೆಯಿಲ್ಲದೆ ಶಿಫಾರಸು ಮಾಡುತ್ತೇನೆ.