ಉಪ್ಪುನೀರಿನ ಟ್ಯಾಂಕಿಗೆ ಕೆಎಚ್ ಕಿಟ್, ಪಿಎಚ್ ಪೆನ್: ಯಾವುದಕ್ಕೆ ದುಡ್ಡು ಹಾಕಬೇಕು?

ಉಪ್ಪುನೀರಿನ ಟ್ಯಾಂಕ್ ಇಟ್ಟವರು ಹೆಚ್ಚಾಗಿ ಮೊದಲು ತರಿಸುವುದು ಪಿಎಚ್ ಕಿಟ್. ಮೊದಲು ತರಿಸಬೇಕಾದ್ದು ಕೆಎಚ್ ಕಿಟ್, ಅಂದರೆ ಆಲ್ಕಲಿನಿಟಿ (ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ) ಅಳೆಯುವಂಥದ್ದು. ಪಿಎಚ್ ದಿನವೂ ಏರಿ ಇಳಿಯುತ್ತದೆ. ಬೆಳಗ್ಗೆ ಲೈಟ್ ಹಾಕುವ ಮುಂಚೆ 7.9 ಇದ್ದದ್ದು ರಾತ್ರಿ ಲೈಟ್ ಆರಿಸುವ ಹೊತ್ತಿಗೆ 8.3 ಆಗಿರಬಹುದು, ಎರಡೂ ಸರಿಯೇ. ಆಲ್ಕಲಿನಿಟಿ ಹಾಗಲ್ಲ. ಒಮ್ಮೆ ಇಳಿದರೆ ನೀರು ಬದಲಿಸುವವರೆಗೆ ಅಥವಾ ನಾವು ಏನಾದರೂ ಹಾಕುವವರೆಗೆ ಮೇಲೆ ಬರುವುದಿಲ್ಲ. ಅದನ್ನು ಅಳೆಯುವ ಮಾನ ಡಿಕೆಎಚ್; ಸಮುದ್ರದ ನೀರಿನಲ್ಲಿ ಅದು ಸುಮಾರು 7 ಡಿಕೆಎಚ್. ಮನೆಯ ಟ್ಯಾಂಕಿನಲ್ಲಿ 7ರಿಂದ 9ರೊಳಗೆ ಒಂದು ಅಂಕಿಯನ್ನು ಆರಿಸಿಕೊಂಡು ಅಲ್ಲೇ ನಿಲ್ಲಿಸಬೇಕು. ಅಂಕಿ 7.5 ಆದರೂ ಸರಿ, 8.5 ಆದರೂ ಸರಿ. ಈ ವಾರ 7, ಬರುವ ವಾರ 10 ಎಂದು ಓಲಾಡುವುದು ಮಾತ್ರ ಆಗದು.

ಹವಳ ಇಲ್ಲದ, ಬರೀ ಮೀನಿನ ಟ್ಯಾಂಕಿಗೆ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ನಮ್ಮಲ್ಲಿ ಬಹುತೇಕ ಟ್ಯಾಂಕುಗಳು ಅಂಥವೇ. ಬಂಡೆ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ, ಸಮುದ್ರದಿಂದ ಕಿತ್ತು ತರುವ ಮಾತೇ ಇಲ್ಲ. ಆದರೆ ಮೀನಿನ ಟ್ಯಾಂಕಿನಲ್ಲೂ ಆಲ್ಕಲಿನಿಟಿ ಕರಗುತ್ತದೆ. ಅಮೋನಿಯಾವನ್ನು ಬ್ಯಾಕ್ಟೀರಿಯಾ ನೈಟ್ರೇಟ್ ಮಾಡುವಾಗ ಆಮ್ಲ ಹುಟ್ಟುತ್ತದೆ, ಆ ಆಮ್ಲ ಆಲ್ಕಲಿನಿಟಿಯನ್ನು ತಿನ್ನುತ್ತದೆ. ನೈಟ್ರೇಟ್ 50 ಪಿಪಿಎಂ ಏರಿದರೆ ಸುಮಾರು 2.3 ಡಿಕೆಎಚ್ ಹೋಯಿತೆಂದೇ ಲೆಕ್ಕ. ಮೀನು ಜಾಸ್ತಿ, ತೀನಿ ಜಾಸ್ತಿ, ನೀರು ಬದಲಿಸುವುದು ಅಪರೂಪ ಎನ್ನುವ ಟ್ಯಾಂಕಿನಲ್ಲಿ 8 ಇದ್ದದ್ದು 5ಕ್ಕೆ ಬಂದು ನಿಲ್ಲುವುದು ಹೀಗೆ.

ಈಗ ಕಿಟ್‌ಗಳ ವಿಷಯ. ಎಲ್ಲಕ್ಕಿಂತ ಅಗ್ಗ ಎಪಿಐ ಕೆಎಚ್ ಕಿಟ್. 5 ಎಂಎಲ್ ನೀರಿಗೆ ಹನಿ ಹಾಕುತ್ತ ಹೋಗುವುದು, ನೀಲಿ ಹಳದಿಯಾದಾಗ ನಿಲ್ಲಿಸುವುದು, ಒಂದು ಹನಿಗೆ ಒಂದು ಡಿಕೆಎಚ್. ತಪ್ಪಾಗುವ ಅವಕಾಶ ಕಡಿಮೆ. ಆದರೆ ಒಂದು ಡಿಕೆಎಚ್‌ನಷ್ಟು ದೊಡ್ಡ ಹೆಜ್ಜೆಯಲ್ಲಿ 7.1 ಮತ್ತು 7.9 ಎರಡೂ ಒಂದೇ ಆಗಿ ಕಾಣುತ್ತವೆ. ಅದಕ್ಕೆ ಉಪಾಯ ಸುಲಭ: 10 ಎಂಎಲ್ ನೀರು ತೆಗೆದುಕೊಳ್ಳಿ, ಆಗ ಪ್ರತಿ ಹನಿಗೆ ಅರ್ಧ ಡಿಕೆಎಚ್. ಕಿಟ್ಟಿನ ಟ್ಯೂಬಿನಲ್ಲಿ ಅಷ್ಟು ಹಿಡಿಸಿ ಅಲ್ಲಾಡಿಸಲು ಕಷ್ಟ, ಸಣ್ಣ ಗಾಜಿನ ಲೋಟ ಸಾಕು. ನೀರನ್ನು ಮೆಡಿಕಲ್‌ನಲ್ಲಿ ಸಿಗುವ 10 ಎಂಎಲ್ ಸಿರಿಂಜಿನಲ್ಲೇ ಅಳೆಯಿರಿ. ಬಾಟಲಿಯನ್ನು ನೆಟ್ಟಗೆ ತಲೆಕೆಳಗಾಗಿ ಹಿಡಿಯಬೇಕು. ಓರೆ ಹಿಡಿದರೆ ಹನಿಯ ಗಾತ್ರ ಬದಲಾಗುತ್ತದೆ, ಲೆಕ್ಕ ಕೆಡುತ್ತದೆ. ಮೀನು ಮಾತ್ರ ಇರುವ ಟ್ಯಾಂಕಿಗೆ ಇದಕ್ಕಿಂತ ಹೆಚ್ಚಿನದು ಬೇಕಾಗಿಲ್ಲ.

ಸಾಲಿಫರ್ಟ್ ಕೆಎಚ್ ಕಿಟ್ ನಮ್ಮ ಆಯ್ಕೆ. 4 ಎಂಎಲ್ ನೀರು, ಸೂಚಕ ದ್ರವದ ಹನಿ, ಆಮೇಲೆ 1 ಎಂಎಲ್ ಸಿರಿಂಜಿನಿಂದ ರೀಏಜೆಂಟ್, ಅಂದರೆ ಪರೀಕ್ಷೆಯ ದ್ರವ. ಸಿರಿಂಜಿನಲ್ಲಿ 0.02 ಎಂಎಲ್ ಎಂದರೆ ಸುಮಾರು 0.3 ಡಿಕೆಎಚ್, ಅಂದರೆ ವಾರದಿಂದ ವಾರಕ್ಕೆ ಎಷ್ಟು ಇಳಿಯಿತು ಎಂದು ನಿಜವಾಗಿ ತಿಳಿಯುವಷ್ಟು ಸೂಕ್ಷ್ಮ. ತಪ್ಪುಗಳು ಆಗುವುದು ಎರಡೇ ಕಡೆ. ಮೊದಲನೆಯದು ಸಿರಿಂಜಿನ ಗಾಳಿ. ತುದಿಗೆ ಪ್ಲಾಸ್ಟಿಕ್ ಮೂತಿ ಸಿಕ್ಕಿಸಿ ರೀಏಜೆಂಟ್ ಎಳೆದಾಗ ದ್ರವಕ್ಕೂ ಪಿಸ್ಟನ್ನಿಗೂ ನಡುವೆ ಒಂದು ಗಾಳಿಗುಳ್ಳೆ ಉಳಿಯುತ್ತದೆ. ಅದು ಇರಲಿ, ತೊಂದರೆಯಿಲ್ಲ. ಓದಬೇಕಾದ್ದು ದ್ರವದ ಮಟ್ಟವನ್ನಲ್ಲ, ಪಿಸ್ಟನ್ನಿನ ಕೆಳ ಅಂಚನ್ನು. ಶುರುವಿನಲ್ಲಿ ಆ ಅಂಚು ಸರಿಯಾಗಿ 1.00 ಗೆರೆಯ ಮೇಲಿರಬೇಕು. ದ್ರವವನ್ನು ನೋಡಿ ಓದಿದರೆ ಪ್ರತಿ ಸಲವೂ ತಪ್ಪು ಉತ್ತರವೇ ಬರುತ್ತದೆ.

ಎರಡನೆಯದು ಬಣ್ಣ. ನೀಲಿ ಹಸಿರು ಬಣ್ಣ ಕಿತ್ತಳೆಗೆಂಪು ಅಥವಾ ಗುಲಾಬಿಯಾಗಬೇಕು. ನಡುವೆ ಬೂದು ಕಲಸಿದಂಥ ಒಂದು ಬಣ್ಣ ಬರುತ್ತದೆ. ಅಲ್ಲಿಗೇ ನಿಲ್ಲಿಸುವವರೇ ಹೆಚ್ಚು, ಅವರ ಅಂಕಿ ಯಾವಾಗಲೂ ಸ್ವಲ್ಪ ಕಡಿಮೆ. ಬೂದು ಕಂಡ ಮೇಲೆ ಒಂದೊಂದೇ ಹನಿ ಹಾಕಿ, ಕುಲುಕಿ, ಐದಾರು ಸೆಕೆಂಡ್ ಬಿಟ್ಟು ನೋಡಿ. ಇನ್ನೊಂದು ಹನಿ ಹಾಕಿದರೂ ಬಣ್ಣ ಬದಲಾಗದೆ ಇದ್ದರೆ ಅದರ ಹಿಂದಿನ ಹನಿಯೇ ಕೊನೆ. ಹಳದಿ ಬಲ್ಬಿನ ಕೆಳಗೆ ಈ ಬದಲಾವಣೆ ಕಣ್ಣಿಗೆ ಹಿಡಿಯುವುದಿಲ್ಲ. ಹಗಲಿನಲ್ಲಿ ಕಿಟಕಿ ಪಕ್ಕ, ಬಿಳಿ ಕಾಗದದ ಮೇಲೆ ಬಾಟಲಿ ಇಟ್ಟು ನೋಡುವುದು ಒಳ್ಳೆಯದು. ಪರೀಕ್ಷೆಗೆ ಮುಂಚೆ ಬಾಟಲಿಯನ್ನು ಟ್ಯಾಂಕ್ ನೀರಿನಿಂದಲೇ ಎರಡು ಸಲ ತೊಳೆದು ಕೊಡವಿ. ನಲ್ಲಿ ನೀರಿನ ಹನಿ ಉಳಿದರೆ 4 ಎಂಎಲ್‌ನಲ್ಲಿ ಅದೂ ಲೆಕ್ಕಕ್ಕೆ ಬರುತ್ತದೆ.

ಹನ್ನಾ ಚೆಕರ್, ಎಚ್‌ಐ772, ಬಣ್ಣ ನೋಡುವ ಕೆಲಸವನ್ನು ನಮ್ಮ ಕಣ್ಣಿಂದ ತೆಗೆದು ಯಂತ್ರಕ್ಕೆ ಕೊಡುತ್ತದೆ. 10 ಎಂಎಲ್ ನೀರು ಹಾಕಿ ಗುಂಡಿ ಒತ್ತಿ ಸೊನ್ನೆ ಮಾಡಿಸುವುದು, 1 ಎಂಎಲ್ ರೀಏಜೆಂಟ್ ಹಾಕಿ ಮೆಲ್ಲಗೆ ಮೇಲೆ ಕೆಳಗೆ ತಿರುಗಿಸುವುದು, ಮತ್ತೆ ಗುಂಡಿ. ಬಣ್ಣ ಗುರುತಿಸಲು ಕಷ್ಟಪಡುವವರಿಗೆ ಇದೊಂದೇ ದಾರಿ. ಬೆಲೆ ಹೆಚ್ಚು, ಒಂದು ರೀಏಜೆಂಟ್ ಬಾಟಲಿಗೆ 25 ಪರೀಕ್ಷೆ ಮಾತ್ರ. ಪರದೆಯ ಮೇಲೆ 8.3 ಎಂದು ಬಂದರೆ 8.3 ಎಂದೇ ನಂಬಬೇಡಿ. ಕಂಪನಿಯೇ ಹೇಳುವ ನಿಖರತೆ 0.3 ಡಿಕೆಎಚ್ ಮತ್ತು ಓದಿದ ಅಂಕಿಯ ಶೇಕಡಾ 5, ಅಂದರೆ 8ರ ಹತ್ತಿರ ಆಚೆ ಈಚೆ 0.7ರಷ್ಟು. ಗಾಜಿನ ಮೇಲೆ ಬೆರಳಚ್ಚು, ಒಳಗೆ ಅಂಟಿದ ಗಾಳಿಗುಳ್ಳೆ, ಮಳೆಗಾಲದಲ್ಲಿ ತಣ್ಣಗಿನ ಗಾಜಿನ ಹೊರಗೆ ಕೂರುವ ತೇವ, ಮೂರೂ ಓದನ್ನು ಕೆಡಿಸುತ್ತವೆ. ಒರೆಸಲು ಹಳೆಯ ಮೆತ್ತನೆಯ ಹತ್ತಿಬಟ್ಟೆ ಸಾಕು. ದಿನವೂ ಅಳೆದು ಕೆಎಚ್ ಏರಿಸುವ ದ್ರವ ಹಾಕುವವರಿಗೆ (ಡೋಸಿಂಗ್) ಇದು ಲಾಭ, ವಾರಕ್ಕೊಮ್ಮೆ ಅಳೆಯುವವರಿಗೆ ದುಬಾರಿ.

ಹನಿ ಹಾಕುವ ಕಿಟ್ ಸರಿ ಇದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಬಹುದು, ಇದನ್ನು ಎಲ್ಲರೂ ಮಾಡಬೇಕು. ಅಂಗಡಿಯಲ್ಲಿ ಅಪ್ಪಕಾರ ಎಂದು ಕೊಡುವ ಅಡುಗೆ ಸೋಡಾ ತನ್ನಿ, ಬೇಕಿಂಗ್ ಪೌಡರ್ ಅಲ್ಲ, ಅದರಲ್ಲಿ ಆಮ್ಲ ಮತ್ತು ಪಿಷ್ಟ ಸೇರಿರುತ್ತದೆ. ಚಿನ್ನ ತೂಗುವಂಥ ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ 3.00 ಗ್ರಾಂ ತೂಗಿ, ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ, ಒಟ್ಟು 1 ಲೀಟರ್ ಮಾಡಿ. ಅದರಿಂದ 50 ಎಂಎಲ್ ತೆಗೆದು ಮತ್ತೆ ಡಿಸ್ಟಿಲ್ಡ್ ನೀರು ಸೇರಿಸಿ 500 ಎಂಎಲ್ ಮಾಡಿದರೆ ಅದು 10 ಡಿಕೆಎಚ್. ನಿಮ್ಮ ಕಿಟ್ 9.5ರಿಂದ 10.5ರೊಳಗೆ ತೋರಿಸಿದರೆ ಅದನ್ನು ನಂಬಿ. 8 ತೋರಿಸಿದರೆ ಒಂದೋ ರೀಏಜೆಂಟ್ ಕೆಟ್ಟಿದೆ, ಇಲ್ಲವೇ ಬಣ್ಣವನ್ನು ಬೇಗ ನಿಲ್ಲಿಸುತ್ತಿದ್ದೀರಿ. ಹನ್ನಾ ಚೆಕರ್‌ಗೆ ಈ ಸಿಹಿನೀರಿನ ದ್ರಾವಣ ಆಗುವುದಿಲ್ಲ, ಅದನ್ನು ಉಪ್ಪುನೀರಿಗೆಂದೇ ಹೊಂದಿಸಿದ್ದಾರೆ.

ಪಿಎಚ್‌ಗೆ ಬಣ್ಣದ ಕಾರ್ಡಿನ ಕಿಟ್ ಬೇಡವೇ ಬೇಡ. ಎಪಿಐ ಹೈ ರೇಂಜ್ ಕಿಟ್ಟಿನಲ್ಲಿ 7.4ರಿಂದ 8.8ರವರೆಗೆ ಬಣ್ಣಗಳಿವೆ, ಆದರೆ 8.0 ಮತ್ತು 8.2 ಯಾವುದು ಎಂದು ಮನೆಯಲ್ಲಿ ಇಬ್ಬರನ್ನು ಕೇಳಿದರೆ ಎರಡು ಉತ್ತರ ಬರುತ್ತದೆ. ಪೆನ್ ತಗೊಳ್ಳಿ, ಅಂದರೆ ನೀರಿಗೆ ಅದ್ದಿ ಅಂಕಿ ಓದುವ ಪೆನ್ನಿನಾಕಾರದ ಮೀಟರ್. ಹಳದಿ ಬಣ್ಣದ ಅಗ್ಗದ ಪೆನ್ನೂ ನಡೆಯುತ್ತದೆ, ಷರತ್ತು ಒಂದೇ: ತಿಂಗಳಿಗೊಮ್ಮೆಯಾದರೂ ಕ್ಯಾಲಿಬ್ರೇಟ್ ಮಾಡಬೇಕು (ಪಿಎಚ್ ಗೊತ್ತಿರುವ ದ್ರಾವಣದಲ್ಲಿ ಅದ್ದಿ ಅಂಕಿ ಸರಿಹೊಂದಿಸಬೇಕು), ಅದೂ ನಮಗೆ ಬೇಕಾದ ಅಂಕಿಯ ಹತ್ತಿರ. ಅದರ ಜತೆಗೆ ಬರುವ 4.00 ಪುಡಿ ನಮಗೆ ಉಪಯೋಗವಿಲ್ಲ. 6.86 ಮತ್ತು 9.18ರ ಪುಡಿ, ಇಲ್ಲವೇ 7.01 ಮತ್ತು 10.01ರ ದ್ರಾವಣ ಬೇಕು. ನಮ್ಮ ಸೆಖೆಯಲ್ಲಿ ದ್ರಾವಣ 30 ಡಿಗ್ರಿ ಇರುತ್ತದೆ, ಆಗ 10.01ರ ದ್ರಾವಣದ ನಿಜವಾದ ಪಿಎಚ್ 9.96. ಪೊಟ್ಟಣದ ಹಿಂದೆ ಕೋಷ್ಟಕ ಇರುತ್ತದೆ, ಅದನ್ನು ನೋಡಿಯೇ ತಿರುಪು ತಿರುಗಿಸಿ. ಪೆನ್ನಿನ ತುದಿ ಒಣಗಬಾರದು, ಡಿಸ್ಟಿಲ್ಡ್ ನೀರಿನಲ್ಲಿ ಮುಳುಗಿಸಿ ಇಡಲೂಬಾರದು. ಮುಚ್ಚಳದೊಳಗೆ ಸ್ಟೋರೇಜ್ ದ್ರಾವಣದ ನಾಲ್ಕು ಹನಿ ಹಾಕಿ ಮುಚ್ಚಿ. ಒಂದೆರಡು ವರ್ಷಕ್ಕೆ ಎಲೆಕ್ಟ್ರೋಡ್ ಸೋಲುತ್ತದೆ. ಅಂಕಿ ನಿಲ್ಲಲು ನಿಮಿಷಗಟ್ಟಲೆ ಹಿಡಿಯತೊಡಗಿದರೆ ಅದೇ ಗುರುತು.

ಜೂನ್ ಹಿಡಿದು ಆಟಿ ತಿಂಗಳು ಕಳೆಯುವವರೆಗೆ ನಮ್ಮ ಊರುಗಳಿಂದ ಒಂದೇ ದೂರು: ಪಿಎಚ್ 7.7ಕ್ಕೆ ಇಳಿದಿದೆ, ಏನು ಹಾಕಲಿ? ಏನೂ ಹಾಕಬೇಡಿ, ಮೊದಲು ಕೆಎಚ್ ನೋಡಿ. ಕೆಎಚ್ 8 ಇದ್ದೂ ಪಿಎಚ್ ಕಡಿಮೆ ಇದ್ದರೆ ತಪ್ಪು ನೀರಿನದ್ದಲ್ಲ, ಮನೆಯ ಗಾಳಿಯದ್ದು. ಇರಿಚಲು ಹೊಡೆಯುತ್ತದೆಂದು ಕಿಟಕಿ ಬಾಗಿಲು ಮುಚ್ಚಿ ನಾಲ್ಕೈದು ಜನ ಒಳಗಿದ್ದಾಗ, ಅಡುಗೆ ಗ್ಯಾಸೂ ಉರಿಯುವಾಗ, ಕೋಣೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತದೆ, ಟ್ಯಾಂಕ್ ಅದನ್ನು ಹೀರುತ್ತದೆ. ಕೆಎಚ್ ಬದಲಾಗದೆ ನೀರಿನ ಕಾರ್ಬನ್ ಡೈಆಕ್ಸೈಡ್ ಎರಡು ಪಟ್ಟಾದರೆ ಪಿಎಚ್ ಸುಮಾರು 0.3 ಇಳಿಯುತ್ತದೆ. ಖಾತ್ರಿ ಮಾಡಿಕೊಳ್ಳುವುದು ಹೀಗೆ: ಒಂದು ಚೊಂಬು ಟ್ಯಾಂಕ್ ನೀರನ್ನು ಜಗಲಿಗೆ ಒಯ್ದು, ಏರ್‌ಸ್ಟೋನ್ ಇಳಿಬಿಟ್ಟು ಒಂದು ಗಂಟೆ ಗುಳ್ಳೆ ಬಿಡಿಸಿ ಪಿಎಚ್ ನೋಡಿ. 7.7 ಇದ್ದದ್ದು 8.1 ಆಯಿತೋ, ಉತ್ತರ ಸಿಕ್ಕಿತು. ಅದೇ ಏರ್‌ಸ್ಟೋನನ್ನು ಕೋಣೆಯೊಳಗೆ ಓಡಿಸಿದರೆ ಪಿಎಚ್ ಏರುವುದಿಲ್ಲ, ಒಳಗಿನ ಗಾಳಿಯೇ ತಾನೆ ಹೋಗುವುದು.

ಪರಿಹಾರ ಸ್ಕಿಮ್ಮರ್ (ಗಾಳಿಗುಳ್ಳೆಯಿಂದ ಕೊಳೆ ತೆಗೆಯುವ ಸಾಧನ) ಅಥವಾ ಏರ್‌ಪಂಪಿನ ಗಾಳಿ ಎಳೆಯುವ ಕೊಳವೆಯನ್ನು ಕಿಟಕಿಯ ಸಂದಿನಿಂದ ಹೊರಗೆ ಹಾಕುವುದು. ಹೊರಗಿನ ತುದಿಯನ್ನು ಕೆಳಮುಖವಾಗಿ ಬಗ್ಗಿಸಿ, ಸೊಳ್ಳೆಪರದೆಯ ತುಂಡು ಕಟ್ಟಿ. ಇಲ್ಲವಾದರೆ ಮಳೆನೀರೂ ಇರುವೆಯೂ ಒಳಗೆ ಬರುತ್ತವೆ. ಇದರ ಬದಲು ಪಿಎಚ್ ಏರಿಸುವ ಬಾಟಲಿ ತಂದು ದಿನವೂ ಸುರಿದರೆ ಪಿಎಚ್ ಒಂದು ಗಂಟೆ ಏರಿ ಮತ್ತೆ ಇಳಿಯುತ್ತದೆ, ಆದರೆ ಕೆಎಚ್ ಮಾತ್ರ ಏರುತ್ತಲೇ ಹೋಗಿ 13, 14 ಮುಟ್ಟುತ್ತದೆ. ಆಮೇಲೆ ಹೀಟರ್ ಮತ್ತು ಪಂಪಿನ ಮೇಲೆ ಬಿಳಿ ಗಾರೆ ಕಟ್ಟುತ್ತದೆ, ಕ್ಯಾಲ್ಸಿಯಂ ಕುಸಿಯುತ್ತದೆ.

ಕೆಎಚ್ ನಿಜವಾಗಿಯೇ ಕಡಿಮೆ ಇದ್ದರೆ ಅಪ್ಪಕಾರವೇ ಸಾಕು. 100 ಲೀಟರಿಗೆ 3 ಗ್ರಾಂ ಹಾಕಿದರೆ 1 ಡಿಕೆಎಚ್ ಏರುತ್ತದೆ. ಮೂರು ಅಡಿ ಉದ್ದ, ಒಂದೂಕಾಲು ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ತುಂಬಿದರೆ 159 ಲೀಟರ್ ಆಗುತ್ತದೆ. ಕಲ್ಲು, ಮರಳು, ಮೇಲೆ ಬಿಟ್ಟ ಜಾಗ ಕಳೆದರೆ ನಿಜವಾಗಿ ಇರುವ ನೀರು 120 ಲೀಟರ್ ಆಸುಪಾಸು. 6.5ರಿಂದ 8ಕ್ಕೆ ಏರಿಸಲು 5.4 ಗ್ರಾಂ ಬೇಕು, ಮೂರು ದಿನಕ್ಕೆ ಹಂಚಿ ದಿನಕ್ಕೆ 1.8 ಗ್ರಾಂ. ಒಂದು ಲೋಟ ನೀರಿನಲ್ಲಿ ಪೂರ್ತಿ ಕರಗಿಸಿ ಪಂಪಿನ ಹರಿವಿನ ಎದುರು ನಿಧಾನ ಹೊಯ್ಯಿರಿ. ಅಪ್ಪಕಾರದಿಂದ ಪಿಎಚ್ ಏರುವುದಿಲ್ಲ, ಮೊದಲಿಗೆ ಒಂದಿಷ್ಟು ಇಳಿಯಲೂಬಹುದು. ಪಿಎಚ್ ಕೂಡ ಏರಬೇಕಿದ್ದರೆ ಸೋಡಾ ಆಶ್ (ಸೋಡಿಯಂ ಕಾರ್ಬೊನೇಟ್), 100 ಲೀಟರಿಗೆ 1.9 ಗ್ರಾಂ. ಬಟ್ಟೆ ಒಗೆಯುವ ವಾಷಿಂಗ್ ಸೋಡಾ ಬೇಡ, ಅದರಲ್ಲಿ ಇನ್ನೇನು ಸೇರಿದೆಯೋ ತಿಳಿಯದು. ಎಲೆಯಡಿಕೆಯ ಸುಣ್ಣದ ಬಗ್ಗೆಯೂ ಇದೇ ಮಾತು. ಸುಣ್ಣದ ತಿಳಿ ಕೆಎಚ್, ಕ್ಯಾಲ್ಸಿಯಂ ಎರಡನ್ನೂ ಏರಿಸುತ್ತದೆ ನಿಜ, ಆದರೆ ಅದರ ಪಿಎಚ್ 12ರ ಮೇಲೆ. ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತಂದು, ರಾತ್ರಿ ಹೊತ್ತು ಹನಿ ಹನಿಯಾಗಿ ಬಿಡಬಲ್ಲವರಿಗೆ ಮಾತ್ರ ಅದು.

ನೀರಿನ ಮೂಲ ಮರೆಯಬಾರದು. ಮುರಕಲ್ಲಿನ ನೆಲದ ಬಾವಿ ಮತ್ತು ಸುರಂಗದ ನೀರಿನ ಪಿಎಚ್ ಹೆಚ್ಚಾಗಿ 6ರ ಸುತ್ತಮುತ್ತ, ಕೆಎಚ್ ಬಹಳ ಕಡಿಮೆ. ಆವಿಯಾದಷ್ಟು ನೀರು ತುಂಬಿಸಲು ಅದರ ಪಿಎಚ್ ನೋಡಿ ಹೆದರಬೇಕಿಲ್ಲ, ಟ್ಯಾಂಕಿನ ಕೆಎಚ್ ಎದುರು ಅದಕ್ಕೆ ಬಲವಿಲ್ಲ. ಕಬ್ಬಿಣ, ತೋಟದ ಗೊಬ್ಬರದ ನೈಟ್ರೇಟ್ ಇವೆಯೇ ಎಂದು ನೋಡಿಕೊಂಡರೆ ಸಾಕು. ಸಮುದ್ರದಿಂದ ನೀರು ತರುವವರು ಮಳೆಗಾಲದಲ್ಲಿ ಕಾಸರಗೋಡಿನ ಚಂದ್ರಗಿರಿ, ಶಿರಿಯ, ಉಪ್ಪಳ ಹೊಳೆಗಳ ಅಳಿವೆಯ ಹತ್ತಿರ ತುಂಬಿಸಬಾರದು. ಉಪ್ಪಿನಂಶವೂ ಕೆಎಚ್ ಕೂಡ ಒಟ್ಟಿಗೇ ತೆಳುವಾಗಿರುತ್ತವೆ, ಕೆಸರು ಬೇರೆ. ಪ್ಯಾಕೆಟ್ ಉಪ್ಪಿನದ್ದು ಬೇರೆ ತಾಪತ್ರಯ: ಥಂಡಿ ಹಿಡಿದು ಗಟ್ಟಿಯಾದ ಉಪ್ಪನ್ನು ಕರಗಿಸಿದರೆ ತಳದಲ್ಲಿ ಬಿಳಿ ಪುಡಿ ಉಳಿದು ಕೆಎಚ್ ಕಡಿಮೆ ಬರುತ್ತದೆ. ಕಲಸಿದ ನೀರನ್ನು ಟ್ಯಾಂಕಿಗೆ ಹಾಕುವ ಮುಂಚೆ ಅಳೆದೇ ಹಾಕಿ.

ಕೊಳ್ಳುವಾಗ ಗಮನಿಸಬೇಕಾದ್ದು ಎಕ್ಸ್‌ಪೈರಿ. ಈ ಸಾಮಾನು ಮಂಗಳೂರಿನಿಂದಲೋ ಕೊಚ್ಚಿಯಿಂದಲೋ ಕೊರಿಯರ್‌ನಲ್ಲಿ ಬರಬೇಕು, ಅಂಗಡಿಯ ಕಪಾಟಿನಲ್ಲಿ ಎಷ್ಟು ಕಾಲ ಕೂತಿತ್ತೋ ಗೊತ್ತಾಗದು. ದುಡ್ಡು ಕಳಿಸುವ ಮುಂಚೆ ತಾರೀಕು ಕಾಣುವಂತೆ ವಾಟ್ಸಾಪಿನಲ್ಲಿ ಫೋಟೋ ಕೇಳಿ, ಕನಿಷ್ಠ ಒಂದು ವರ್ಷ ಬಾಕಿ ಇರಲಿ. ಬಂದ ದಿನವೇ 10 ಡಿಕೆಎಚ್ ದ್ರಾವಣದಲ್ಲಿ ಪರೀಕ್ಷಿಸಿ, ತಪ್ಪು ತೋರಿಸಿದರೆ ಪೆಟ್ಟಿಗೆ ಸಮೇತ ವಾಪಸ್ ಕಳಿಸಿ. ಸರಿಯಿದ್ದರೆ ಬಾಟಲಿಗಳನ್ನು ಟ್ಯಾಂಕಿನ ಕೆಳಗಿನ ಕಪಾಟಿನಲ್ಲಿ ಇಡಬೇಡಿ, ಅಲ್ಲಿ ಸದಾ ತೇವ. ಬಿಸಿಲು ಬೀಳದ ಒಣ ಕಪಾಟಿನಲ್ಲಿ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಇಡಿ. ಕೆಎಚ್ ರೀಏಜೆಂಟ್ ಆಮ್ಲ, ಕಣ್ಣಿಗೆ ಹಾರಿದರೆ ತಕ್ಷಣ ಧಾರಾಳ ನೀರಿನಿಂದ ತೊಳೆಯಬೇಕು.