ಎಸ್.ಪಿ. ರೋಡ್‌ನ ಅಸೆಂಬಲ್ಡ್ ಸೆಲೆರಾನ್: ಹತ್ತು ವರ್ಷ ದುಡಿಸಿಕೊಂಡ ಮೇಲೆ

ನಮ್ಮ ಮನೆಯ ಮೊದಲ ಕಂಪ್ಯೂಟರ್‌ಗೆ ಕಂಪನಿ ಹೆಸರೇ ಇರಲಿಲ್ಲ. 1999ರಲ್ಲಿ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರೋಡ್‌ನಲ್ಲಿ ಬಿಡಿಭಾಗ ಕೊಂಡು, ಅಲ್ಲೇ ಜೋಡಿಸಿ ತಂದದ್ದು. ಹತ್ತು ವರ್ಷ ಕೆಲಸ ಮಾಡಿತು. ಆಮೇಲೆ ಬ್ರ್ಯಾಂಡೆಡ್ ಡೆಸ್ಕ್‌ಟಾಪ್, ಲ್ಯಾಪ್‌ಟಾಪ್ ಎಲ್ಲ ಬಂದವು, ಹೋದವು. ಕೊಟ್ಟ ದುಡ್ಡಿಗೆ ಇಷ್ಟು ದುಡಿದ ಮೆಷಿನ್ ಇನ್ನೊಂದನ್ನು ನಾನು ನೋಡಿಲ್ಲ. ಕಾರಣ ಒಂದೇ. ಅದರಲ್ಲಿ ಬಿಚ್ಚಲಾಗದ, ಬದಲಿಸಲಾಗದ ಭಾಗ ಅನ್ನುವುದೇ ಇರಲಿಲ್ಲ.

ಚಾಮರಾಜಪೇಟೆಯಲ್ಲಿ ಅಪ್ಪನದು ಸಣ್ಣ ಪ್ರೆಸ್. ಒಂದು ಟ್ರೆಡಲ್ ಮೆಷಿನ್, ಅಂದರೆ ಸಣ್ಣ ಅಚ್ಚಿನ ಯಂತ್ರ. ಅಮ್ಮ ಅಚ್ಚಿನ ಮೊಳೆ (ಸೀಸದ ಅಕ್ಷರ) ಜೋಡಿಸುತ್ತಿದ್ದರು. ಲಗ್ನಪತ್ರಿಕೆ, ಬಿಲ್ ಬುಕ್, ಗಣೇಶೋತ್ಸವದ ರಸೀದಿ ಪುಸ್ತಕ, ಇವೇ ಕೆಲಸ. ತೊಂಬತ್ತರ ದಶಕದ ಕೊನೆಗೆ ಗಿರಾಕಿಗಳು "ಡಿಟಿಪಿ ಮಾಡಿಸ್ಬಿಡಿ, ಆಫ್‌ಸೆಟ್‌ನಲ್ಲಿ ಬರಲಿ" ಅನ್ನತೊಡಗಿದರು. ಡಿಟಿಪಿ ಅಂದರೆ ಕಂಪ್ಯೂಟರ್‌ನಲ್ಲೇ ಪುಟ ಜೋಡಿಸುವುದು. ಹೊರಗೆ ಪುಟಕ್ಕಿಷ್ಟು ಅಂತ ಕೊಟ್ಟು ಮಾಡಿಸಿದರೆ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಹಾಗಾಗಿ ಕಂಪ್ಯೂಟರ್ ಬೇಕಾಯಿತು.

ಅಂಗಡಿಯವರು ಹೇಳಿದ್ದು ಇಷ್ಟು: "ಸಾರ್, ಇದ್ರಲ್ಲಿ ಏನೇ ಹೋದ್ರೂ ಅದೊಂದನ್ನೇ ಬದಲಾಯಿಸ್ಬಹುದು." ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ರ‍್ಯಾಮ್‌ಗೆ ಇನ್ನೊಂದು ಜಾಗ ಖಾಲಿ ಇರುತ್ತಾ?" ಆಫ್‌ಸೆಟ್ ಪ್ಲೇಟ್ ಮಾಡಿಕೊಡುವವರು ಹಾಗೆ ಕೇಳಿ ಅಂತ ಹೇಳಿಕೊಟ್ಟಿದ್ದರು. ಮುಂದೆ ಆ ಖಾಲಿ ಜಾಗವೇ ಮೆಷಿನ್‌ನ ಆಯಸ್ಸನ್ನು ಹೆಚ್ಚಿಸಿತು.

ಪ್ರೊಸೆಸರ್ ಇಂಟೆಲ್‌ನ ಅಗ್ಗದ ಸಾಲಿನ ಸೆಲೆರಾನ್, 366 ಮೆಗಾಹರ್ಟ್ಸ್. 810 ಚಿಪ್‌ಸೆಟ್‌ನ ಬೋರ್ಡ್. 64 ಎಂಬಿ ರ‍್ಯಾಮ್, 4.3 ಜಿಬಿ ಹಾರ್ಡ್‌ಡಿಸ್ಕ್, ಫ್ಲಾಪಿ, ಸಿಡಿ ಡ್ರೈವ್, 15 ಇಂಚಿನ ದಪ್ಪ ಮಾನಿಟರ್, ವಿಂಡೋಸ್ 98. ಸೆಲೆರಾನ್ ಅಂದರೆ ಕೆಲವರು ಮೂಗು ಮುರಿಯುತ್ತಿದ್ದರು. 1998ರಲ್ಲಿ ಬಂದ ಮೊದಲ ಸೆಲೆರಾನ್‌ಗಳ ಮಟ್ಟಿಗೆ ಅದು ಸರಿ. ಅವುಗಳಲ್ಲಿ ಎಲ್2 ಕ್ಯಾಶ್ (ಪ್ರೊಸೆಸರ್ ಬಳಸುವ ವೇಗದ ಸಣ್ಣ ಮೆಮೊರಿ) ಇರಲಿಲ್ಲ, ನಿಧಾನ. ಆದರೆ ಅದೇ ವರ್ಷದ 300ಎ ಇಂದ ಚಿಪ್ಪಿನೊಳಗೇ 128 ಕೆಬಿ ಕ್ಯಾಶ್ ಕೊಟ್ಟರು. ಅದು ಪ್ರೊಸೆಸರ್‌ನಷ್ಟೇ ವೇಗವಾಗಿ ಓಡುತ್ತಿತ್ತು. ನಮ್ಮದು ಆ ಸಾಲಿನದು. ಪುಟ ಜೋಡಿಸುವ ತಂತ್ರಾಂಶ ಪೇಜ್‌ಮೇಕರ್ 6.5ರಲ್ಲಿ ಅಕ್ಷರ ಮತ್ತು ಗೆರೆಯ ಕೆಲಸಕ್ಕೆ ಬೇಕಾದಷ್ಟಾಯಿತು. ದೊಡ್ಡ ಫೋಟೋ ಹಾಕಿದರೆ ಮಾತ್ರ ಪರದೆ ಮೂಡುವವರೆಗೆ ಕಾಯಬೇಕಿತ್ತು.

ಇನ್ನು ಕನ್ನಡದ ವಿಷಯ. ಈ ಮೆಷಿನ್ ಬಗ್ಗೆ ನನಗೆ ಪ್ರೀತಿ ಹುಟ್ಟಿದ್ದೇ ಇಲ್ಲಿ.

ಮೊದಲು ಹಾಕಿದ್ದು ದುಡ್ಡು ಕೊಟ್ಟು ಕೊಂಡ ಕನ್ನಡ ಸಾಫ್ಟ್‌ವೇರ್. ಅದರ ಬೀಗ ಒಂದು ಸಣ್ಣ ಡಬ್ಬಿಯ ರೂಪದಲ್ಲಿತ್ತು. ಪ್ರಿಂಟರ್ ಪೋರ್ಟ್‌ಗೆ ಅದನ್ನು ಸಿಕ್ಕಿಸಿ, ಅದರ ಹಿಂದೆ ಪ್ರಿಂಟರ್ ಕೇಬಲ್ ಸಿಕ್ಕಿಸಬೇಕು. ಡಬ್ಬಿ ಸ್ವಲ್ಪ ಸಡಿಲವಾದರೂ ಕನ್ನಡ ಬರುವುದಿಲ್ಲ. ಅಂಥ ಕಾಲದಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' ಬಿಟ್ಟಿಯಾಗಿ ಸಿಗುತ್ತಿತ್ತು. 1998ರಲ್ಲಿ ಬಂದ ತಂತ್ರಾಂಶ ಅದು. ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರ ಒತ್ತಿದರೆ ಕನ್ನಡ ಮೂಡುತ್ತಿತ್ತು. ನನಗೆ ಬಲು ಸಲೀಸು. ಬೀಗ ಇಲ್ಲ, ಲೈಸೆನ್ಸ್ ಇಲ್ಲ. ಆಗ ಮನೆಯಲ್ಲಿ ಕಂಪ್ಯೂಟರ್ ಇದ್ದ ಎಷ್ಟೋ ಕನ್ನಡಿಗರ ಕೈಗೆ ಕನ್ನಡ ಕೊಟ್ಟದ್ದು ಅದೇ. ಚಂದ್ರಶೇಖರನ್ ಅವರು 2022ರಲ್ಲಿ ತೀರಿಕೊಂಡಾಗ ನಮ್ಮ ಮನೆಯಲ್ಲಿ ಬೇಕಾದವರನ್ನು ಕಳೆದುಕೊಂಡಷ್ಟೇ ದುಃಖವಾಯಿತು.

ಆದರೆ ಅಮ್ಮನಿಗೆ ಇಂಗ್ಲಿಷ್ ಉಚ್ಚಾರದ ದಾರಿ ಹಿಡಿಸಲಿಲ್ಲ. ಅವರಿಗೆ ಒಗ್ಗಿದ್ದು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಮುಂದೆ ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದಲ್ಲಿ ಬಂದದ್ದು. ಇದರಲ್ಲಿ ಕೆ ಮೇಲೆ ಕ, ಟಿ ಮೇಲೆ ತ. ಟ ಬೇಕಾದರೆ ಕ್ಯೂ, ಡ ಬೇಕಾದರೆ ಡಬ್ಲ್ಯು. ಶಿಫ್ಟ್ ಹಿಡಿದು ಕ ಒತ್ತಿದರೆ ಖ. ಒತ್ತಕ್ಷರಕ್ಕೆಲ್ಲ ಒಂದೇ ಕೀ, ಎಫ್. 'ಅಕ್ಕ' ಅಂತ ಬರೆಯಲು ಅ, ಕ, ಎಫ್, ಕ. ಅಷ್ಟೇ. ಮೊಳೆಯ ಪೆಟ್ಟಿಗೆಯಲ್ಲಿ ಗುಣಿತಕ್ಕೆ ಬೇರೆ ಮನೆ, ಒತ್ತಿಗೆ ಬೇರೆ ಮನೆ. ಅವನ್ನೆಲ್ಲ ನೋಡದೆ ಕೈಯಲ್ಲೇ ಹುಡುಕುತ್ತಿದ್ದ ಅಮ್ಮನಿಗೆ ಇಪ್ಪತ್ತಾರು ಕೀ ಯಾವ ಲೆಕ್ಕ? ಸ್ವಲ್ಪ ದಿನದಲ್ಲೇ ನನಗಿಂತ ಎಷ್ಟೋ ವೇಗವಾಗಿ ಒತ್ತುತ್ತಿದ್ದರು. ಇಂದಿಗೂ ಯಾರಾದರೂ ಕನ್ನಡ ಟೈಪಿಂಗ್ ಕಲಿಯಬೇಕೆಂದರೆ ನಾನು ಹೇಳುವುದು ಇದನ್ನೇ.

ಕೀಬೋರ್ಡ್ ಟಿವಿಎಸ್ ಗೋಲ್ಡ್. ಪ್ರತಿ ಕೀಗೂ ಅದರದೇ ಮೆಕ್ಯಾನಿಕಲ್ ಸ್ವಿಚ್. ಒತ್ತಿದರೆ ಟಕ್ ಅಂತ ಸದ್ದು, ಬೆರಳಿಗೆ ಗೊತ್ತಾಗುವ ಹಾಗೆ. ಹಗಲೆಲ್ಲ ಒತ್ತಿದರೂ ಬೆರಳು ನೋಯುವುದಿಲ್ಲ. ಎಫ್ ಕೀ ಎಲ್ಲಕ್ಕಿಂತ ಮೊದಲು ನುಣುಪಾಯಿತು. ಕಂಪ್ಯೂಟರ್ ಹೋದ ಮೇಲೂ ಯುಎಸ್‌ಬಿ ಕನ್ವರ್ಟರ್ ಹಾಕಿಕೊಂಡು ಇದನ್ನೇ ಬಳಸುತ್ತಿದ್ದೇವೆ. ಈ ವಿಮರ್ಶೆ ಬರೆಯುತ್ತಿರುವುದೂ ಇದರಲ್ಲೇ.

ರಿಪೇರಿ ಬರಲಿಲ್ಲವೇ ಅಂದರೆ, ಬಂತು. ಹತ್ತು ವರ್ಷದಲ್ಲಿ ಎಲ್ಲವೂ ಒಂದೊಂದು ಸಲ ಕೈಕೊಟ್ಟಿವೆ. ಆದರೆ ಒಂದೊಂದಕ್ಕೂ ಮದ್ದಿತ್ತು. ಆನ್ ಮಾಡಿದಾಗ ಪರದೆ ಬರದೆ ಬೀಪ್ ಬೀಪ್ ಅಂದರೆ, ರ‍್ಯಾಮ್ ತೆಗೆದು ಅದರ ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಲ್ಲಿ ಉಜ್ಜಿ ಮತ್ತೆ ಕೂರಿಸುವುದು. ದಿನಾಂಕ ತಾನಾಗೇ ಹಿಂದಕ್ಕೆ ಓಡಿದರೆ ಬೋರ್ಡ್ ಮೇಲಿನ ಸಿಆರ್2032 ಬಟನ್ ಸೆಲ್ ಬದಲಿಸುವುದು. ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದು ಒಮ್ಮೆ ಒಳಗಿನ ಪವರ್ ಡಬ್ಬಿ (ಎಸ್‌ಎಂಪಿಎಸ್) ಸುಟ್ಟಿತು. ಸಂಜೆಯೊಳಗೆ ಬೇರೆ ಹಾಕಿಸಿ, ರಾತ್ರಿಯೇ ಕರಪತ್ರ ಮುಗಿಸಿದೆವು. ಬೋರ್ಡ್ ಮೇಲೆ ಕೆಪಾಸಿಟರ್‌ಗಳ ತಲೆ ಉಬ್ಬಿದಾಗಲೂ ಎಸ್.ಪಿ. ರೋಡ್‌ನ ಮೇಲಂತಸ್ತಿನ ಒಂದು ಸಣ್ಣ ಅಂಗಡಿಯಲ್ಲಿ ಅವನ್ನು ಕಿತ್ತು ಹೊಸದು ಬೆಸೆದು ಕೊಟ್ಟರು. ಬೋರ್ಡ್ ಬಿಸಾಕಿ ಅಂತ ಅಲ್ಲಿ ಯಾರೂ ಹೇಳಲಿಲ್ಲ. ಈಗಿನ ತೆಳ್ಳನೆ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಅನ್ನೇ ಬೋರ್ಡ್‌ಗೆ ಬೆಸೆದಿರುತ್ತಾರೆ. ಕೆಟ್ಟರೆ ಇಡೀ ಬೋರ್ಡ್ ಹೋಯಿತು. ಇದನ್ನು ನೋಡಿದಾಗೆಲ್ಲ ನನಗೆ ನಿಜಕ್ಕೂ ಕೋಪ ಬರುತ್ತದೆ.

ವೈರಸ್ ಕಾಟವೂ ಇತ್ತು. ಸಿಐಎಚ್ ಅನ್ನುವುದು 1999ರ ಏಪ್ರಿಲ್ 26ರಂದು ಎಷ್ಟೋ ದೇಶಗಳಲ್ಲಿ ಹಾರ್ಡ್‌ಡಿಸ್ಕ್ ಅಳಿಸಿ, ಕಂಪ್ಯೂಟರ್ ಶುರುವಾಗಲು ಬೇಕಾದ ಬಯಾಸ್ ಅನ್ನೂ ಕೆಡಿಸಿತ್ತು. ಮುಂದಿನ ವರ್ಷಗಳಲ್ಲಿ ಆ ತಾರೀಕು ಬಂದರೆ ಅಪ್ಪ ಕಂಪ್ಯೂಟರ್ ಮುಟ್ಟಲು ಬಿಡುತ್ತಿರಲಿಲ್ಲ.

2004ರಲ್ಲಿ ಖಾಲಿ ಇದ್ದ ಜಾಗಕ್ಕೆ 128 ಎಂಬಿ ಸೇರಿಸಿ ಒಟ್ಟು 192 ಮಾಡಿದೆವು. 20 ಜಿಬಿ ಹಾರ್ಡ್‌ಡಿಸ್ಕ್ ಹಾಕಿ, ವಿಂಡೋಸ್ ಎಕ್ಸ್‌ಪಿ ಏರಿಸಿದೆವು. ನಿಧಾನವಾಯಿತು, ನಿಜ. ಆದರೆ ಎಕ್ಸ್‌ಪಿಯಲ್ಲಿ ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಸಂಕೇತ) ಕನ್ನಡ ಇತ್ತು, ತುಂಗಾ ಫಾಂಟ್ ಇತ್ತು. ಸೆಟ್ಟಿಂಗ್ಸ್‌ನಲ್ಲಿ ಒಂದು ಟಿಕ್ ಹಾಕಿ ಸಿಡಿ ತೂರಿಸಿದರೆ ಸಾಕು. ಕನ್ನಡ ವಿಕಿಪೀಡಿಯ 2003ರಲ್ಲೇ ಶುರುವಾಗಿತ್ತು. ನಮ್ಮ ವಿಂಡೋಸ್ 98ರಲ್ಲಿ ಅದು ಬರೀ ಚೌಕಗಳಾಗಿ ಕಾಣುತ್ತಿತ್ತು. ಈಗ ಓದಲು ಬಂತು. ಫಾಂಟ್ ಹಾಕಿಕೊಳ್ಳದೆ, ಚಿತ್ರ ಅಲ್ಲದೆ, ಕನ್ನಡ ಕನ್ನಡವಾಗೇ ಪರದೆ ಮೇಲೆ! ಐದು ವರ್ಷ ಹಳೆಯ ಸೆಲೆರಾನ್ ಇದನ್ನು ತೋರಿಸಿತು ಅಂದರೆ ಇನ್ನೇನು ಬೇಕು?

ಬೇಡವಾದದ್ದೂ ಇದೆ. ಮಾನಿಟರ್ ಭಾರ, ಬಿಸಿ. ಫ್ಯಾನ್ ಸದ್ದು ಜಾಸ್ತಿ. ಯುಎಸ್‌ಬಿ 1.1 ಆದ್ದರಿಂದ ಪೆನ್‌ಡ್ರೈವ್‌ಗೆ ಕಾಪಿ ಮಾಡುವುದು ಆಮೆ ನಡಿಗೆ. ಯುಪಿಎಸ್ ಬ್ಯಾಟರಿಗೆ ಆಗಾಗ ದುಡ್ಡು ಸುರಿಯಬೇಕಿತ್ತು.

ನಿಮ್ಮ ಮನೆಯ ಅಟ್ಟದಲ್ಲೂ ಆ ಕಾಲದ ಮೆಷಿನ್ ಇದ್ದರೆ ಗುಜರಿಗೆ ಹಾಕುವ ಮುಂಚೆ ಹಾರ್ಡ್‌ಡಿಸ್ಕ್ ತೆಗೆದಿಟ್ಟುಕೊಳ್ಳಿ. ಐಡಿಇ (ಹಳೆಯ ಡಿಸ್ಕ್‌ಗಳ ಅಗಲ ಕನೆಕ್ಟರ್) ಇಂದ ಯುಎಸ್‌ಬಿಗೆ ಹಾಕುವ ಕೇಬಲ್ ಕೊಳ್ಳಿ, ಜೊತೆಗೆ ಪವರ್ ಅಡಾಪ್ಟರ್ ಇರುವುದನ್ನೇ ಕೇಳಿ. ಡೆಸ್ಕ್‌ಟಾಪ್‌ನ ಡಿಸ್ಕ್‌ಗೆ 12 ವೋಲ್ಟ್ ಬೇಕು, ಯುಎಸ್‌ಬಿ ಒಂದರಿಂದ ತಿರುಗುವುದಿಲ್ಲ. ಡಿಸ್ಕ್ ಓಡಿದ ಕೂಡಲೇ ಫಾಂಟ್ ಫೋಲ್ಡರ್ ಅನ್ನು ಕಾಪಿ ಮಾಡಿಕೊಳ್ಳಿ. ಆಗಿನ ಕನ್ನಡ ಫಾಂಟ್‌ಗಳು ಒಂದೊಂದೂ ತಮ್ಮದೇ ಸಂಕೇತ ಬಳಸುತ್ತಿದ್ದವು. ಫಾಂಟ್ ಇಲ್ಲದಿದ್ದರೆ ಫೈಲ್ ತುಂಬ ಅರ್ಥವಿಲ್ಲದ ರೋಮನ್ ಅಕ್ಷರ ಕಾಣುತ್ತದೆ. ನುಡಿ, ಬರಹದ ಹಳೆಯ ಫೈಲ್‌ಗಳನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಸಿಗುತ್ತವೆ. ಪೇಜ್‌ಮೇಕರ್ ಫೈಲ್ ಆದರೆ ಮೊದಲು ಪಠ್ಯವನ್ನು ಹೊರತೆಗೆದು, ಆಮೇಲೆ ಪರಿವರ್ತಿಸಿ. ಬದಲಾದ ಮೇಲೆ ಅರ್ಕಾವತ್ತು ಬರುವ ಪದಗಳನ್ನು ಒಮ್ಮೆ ಕಣ್ಣಾರೆ ನೋಡಿಕೊಳ್ಳಿ, ತಪ್ಪು ನುಸುಳುವುದು ಹೆಚ್ಚಾಗಿ ಅಲ್ಲೇ.